ಬಿಸಿಲು, ಎತ್ತರ ಮತ್ತು ಬುದ್ಧಿ: ಅಳೆಯುವುದು ಹೇಗೆ?

(ಸಂಘದ ವಾರ್ಷಿಕ ಶಿಕ್ಷಕರ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ಅತಿಯಾದ ಎತ್ತರ, ಅತಿಯಾದ ಬಿಸಿಲು, ನಿದ್ರೆಗೇಡು, ಬಾಹ್ಯಾಕಾಶ, ಇಂತಹ ಕಠಿಣ ಪರಿಸರಗಳಲ್ಲಿ ಮನುಷ್ಯನ ಬುದ್ಧಿಶಕ್ತಿಗೆ ಏನಾಗುತ್ತದೆ, ಅದನ್ನು ವಿಜ್ಞಾನಿಗಳು ಹೇಗೆ ಅಳೆಯುತ್ತಾರೆ ಎಂಬುದು ಇಂದಿನ ನನ್ನ ವಿಷಯ. ಭಾಷಾ ಶಿಕ್ಷಕರಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ನಾವು ಶಿಕ್ಷಕರು ವರ್ಷವಿಡೀ ಮಾಡುವ ಕೆಲಸ ಎರಡು. ಒಂದು ಕಲಿಸುವುದು, ಇನ್ನೊಂದು ಅಳೆಯುವುದು. ಕಲಿಸುವುದರ ಬಗ್ಗೆ ಸಾಕಷ್ಟು ಮಾತನಾಡುತ್ತೇವೆ. ಆದರೆ ನಮ್ಮ ಅಳತೆಗೋಲು ಸರಿಯಾಗಿದೆಯೇ, ಅದು ಮಗುವನ್ನು ಅಳೆಯುತ್ತಿದೆಯೋ ಅಥವಾ ಮಗು ಕುಳಿತಿರುವ ಕೋಣೆಯನ್ನು ಅಳೆಯುತ್ತಿದೆಯೋ ಎಂದು ಅಪರೂಪಕ್ಕೆ ಕೇಳಿಕೊಳ್ಳುತ್ತೇವೆ. ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಕೇಳಿಕೊಂಡವರು ಪರ್ವತ, ಮರುಭೂಮಿ, ವಿಮಾನ ಹಾಗೂ ಬಾಹ್ಯಾಕಾಶಗಳಲ್ಲಿ ಸಂಶೋಧನೆ ಮಾಡಿದವರು.

ಮೊದಲು ಎತ್ತರದ ವಿಷಯಕ್ಕೆ ಬರೋಣ. ಹದಿನಾರನೆಯ ಶತಮಾನದಲ್ಲಿ ಬಾಬರನ ಚಿಕ್ಕಮ್ಮನ ಮಗ ಮಿರ್ಝಾ ಹೈದರ್ ದುಘ್ಲಾತ್ ಎಂಬವನಿದ್ದನು. 1530ರ ದಶಕದಲ್ಲಿ ಅವನು ಲಡಾಖ್ ಮತ್ತು ಟಿಬೆಟ್ ಕಡೆಗೆ ದಂಡಯಾತ್ರೆ ಹೋದನು. ಮುಂದೆ ಕಾಶ್ಮೀರವನ್ನು ಆಳಿದ ಕಾಲದಲ್ಲಿ ಫಾರ್ಸಿಯಲ್ಲಿ 'ತಾರೀಖೆ ರಶೀದಿ' ಎಂಬ ಗ್ರಂಥವನ್ನು ಬರೆದನು. ಅದರಲ್ಲಿ ಅವನು 'ದಮ್‌ಗೀರಿ' ಎಂಬ ಕಾಯಿಲೆಯನ್ನು ವರ್ಣಿಸುತ್ತಾನೆ. ಉರ್ದು ಬಲ್ಲವರಿಗೆ ಈ ಪದ ಕೂಡಲೇ ಅರ್ಥವಾಗುತ್ತದೆ. ದಮ್ ಎಂದರೆ ಉಸಿರು, ಗೀರಿ ಎಂದರೆ ಹಿಡಿಯುವುದು. ಉಸಿರು ಹಿಡಿಯುವುದು, ನಿದ್ರೆ ಬಾರದಿರುವುದು, ಕೈಕಾಲು ಊದಿಕೊಳ್ಳುವುದು ಇವೆಲ್ಲವನ್ನೂ ಹೇಳಿದ ಅವನು ಇನ್ನೊಂದು ಮಾತನ್ನೂ ಸೇರಿಸುತ್ತಾನೆ. ರೋಗಿಗೆ ಪ್ರಜ್ಞೆ ತಪ್ಪುತ್ತದೆ, ಅವನು ಅಸಂಬದ್ಧವಾಗಿ ಮಾತನಾಡತೊಡಗುತ್ತಾನೆ, ಕೆಲವೊಮ್ಮೆ ಮಾತೇ ನಿಂತುಹೋಗುತ್ತದೆ ಎನ್ನುತ್ತಾನೆ. ಎತ್ತರವು ಶ್ವಾಸಕೋಶವನ್ನು ಮಾತ್ರವಲ್ಲ, ಬುದ್ಧಿಯನ್ನೂ ಹಿಡಿಯುತ್ತದೆ ಎಂಬುದನ್ನು ಯಾವ ಉಪಕರಣವೂ ಇಲ್ಲದೆ ಅವನು ಗಮನಿಸಿದ್ದನು.

ಇದಕ್ಕೆ ಕಾರಣ ಸರಳವಾಗಿದೆ. ಮೆದುಳಿನ ತೂಕ ದೇಹದ ತೂಕದ ಸುಮಾರು ಶೇಕಡ 2 ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡ 20 ಅದಕ್ಕೇ ಬೇಕು. ಸಮುದ್ರ ಮಟ್ಟದಿಂದ ಸುಮಾರು 5,500 ಮೀಟರ್ ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಆಗ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹೆಚ್ಚು ಖರ್ಚು ಮಾಡುವ ಮನೆಗೆ ಬರಗಾಲದ ಬಿಸಿ ಮೊದಲು ತಟ್ಟುವಂತೆ, ಮೆದುಳಿಗೆ ಮೊದಲು ಏಟು ಬೀಳುತ್ತದೆ.

1875ರ ಏಪ್ರಿಲ್ 15ರಂದು ಪ್ಯಾರಿಸಿನಿಂದ 'ಝೆನಿತ್' ಎಂಬ ಬಲೂನು ಮೇಲೇರಿತು. ಅದರಲ್ಲಿ ತಿಸಾಂದಿಯೆ, ಸಿವೆಲ್ ಮತ್ತು ಕ್ರೋಸೆ-ಸ್ಪಿನೆಲ್ಲಿ ಎಂಬ ಮೂವರಿದ್ದರು. ಬಳಿಯಲ್ಲೇ ಆಮ್ಲಜನಕದ ಚೀಲಗಳೂ ಇದ್ದವು. ಬಲೂನು 8,000 ಮೀಟರ್ ದಾಟಿತು. ಮೂವರಿಗೂ ಪ್ರಜ್ಞೆ ತಪ್ಪಿತು, ಇಬ್ಬರು ತೀರಿಕೊಂಡರು. ಬದುಕಿ ಉಳಿದ ತಿಸಾಂದಿಯೆ ಬರೆದಿಟ್ಟ ಅನುಭವ ಓದುವಂಥದ್ದು. ತನಗೆ ಭಯವಾಗಲಿಲ್ಲ, ನೋವಾಗಲಿಲ್ಲ, ಬದಲಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು ಎಂದು ಅವರು ತಿಳಿಸಿದ್ದಾರೆ. ಆಮ್ಲಜನಕದ ಕೊಳವೆಯನ್ನು ಹಿಡಿಯಬೇಕೆಂದಾಗ ಕೈ ಏಳಲಿಲ್ಲ.

ಸುಮಾರು 1919ರಲ್ಲಿ ಬ್ರಿಟನ್ನಿನ ಶರೀರ ವಿಜ್ಞಾನಿ ಜೆ.ಎಸ್. ಹಾಲ್ಡೇನ್ ಇದನ್ನೇ ಉಕ್ಕಿನ ಕೋಣೆಯೊಳಗೆ ಕುಳಿತು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. ಮುಂದೆ ಭಾರತಕ್ಕೆ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದ ಜೆ.ಬಿ.ಎಸ್. ಹಾಲ್ಡೇನರ ತಂದೆ ಇವರು. ಹಿಮಾಲಯ ಪರ್ವತಾರೋಹಿ ಕೆಲ್ಲಾಸ್ ಇವರ ಜೊತೆಗಿದ್ದರು. ಕೋಣೆಯ ಗಾಳಿಯ ಒತ್ತಡವನ್ನು ಪಾದರಸದ 320 ಮಿಲಿಮೀಟರಿಗೆ ಇಳಿಸಲಾಯಿತು. ಸಮುದ್ರ ಮಟ್ಟದಲ್ಲಿ ಅದು 760 ಇರುತ್ತದೆ. ಹೊರಗಿದ್ದವರು ಒತ್ತಡ ಏರಿಸೋಣವೇ ಎಂದು ಕೇಳಿದಾಗಲೆಲ್ಲ ಹಾಲ್ಡೇನ್ 320ರಲ್ಲೇ ಇರಲಿ ಎಂಬ ಒಂದೇ ಉತ್ತರವನ್ನು ಕೊಡುತ್ತಿದ್ದರು. ಕೊನೆಗೆ ತುಟಿಗಳ ಬಣ್ಣ ನೋಡಿಕೊಳ್ಳಲು ಕನ್ನಡಿ ಹಿಡಿದುಕೊಂಡರು. ಆದರೆ ಬಹಳ ಹೊತ್ತು ಅವರು ನೋಡುತ್ತಿದ್ದುದು ಕನ್ನಡಿಯ ಹಿಂಬದಿಯನ್ನು!

ಸಭಿಕರೇ, ಈ ಎರಡು ಘಟನೆಗಳಲ್ಲಿ ಇಂದಿನ ಉಪನ್ಯಾಸದ ಸಾರವಿದೆ. ಬುದ್ಧಿ ಮಂಕಾಗುವಾಗ ಎಲ್ಲಕ್ಕಿಂತ ಮೊದಲು ಮಂಕಾಗುವುದು, 'ನನ್ನ ಬುದ್ಧಿ ಮಂಕಾಗುತ್ತಿದೆ' ಎಂಬ ಅರಿವು. ಆದ್ದರಿಂದ ಕಷ್ಟದಲ್ಲಿರುವವನನ್ನು 'ಹೇಗಿದ್ದೀಯ' ಎಂದು ಕೇಳಿದರೆ ಸಾಲದು. ಹೊರಗಿನಿಂದ ಅಳೆಯಬೇಕು. ಇದೇ ಕಾರಣಕ್ಕೆ ವಿಮಾನ ಚಾಲಕರನ್ನು ಕಡಿಮೆ ಒತ್ತಡದ ಕೋಣೆಯಲ್ಲಿ ಕೂರಿಸಿ ಸಣ್ಣ ಲೆಕ್ಕ ಮಾಡಿಸುತ್ತಾರೆ, ಹೆಸರು ಬರೆಸುತ್ತಾರೆ. ತಾನು ಚೆನ್ನಾಗಿಯೇ ಬರೆದೆ ಎಂದುಕೊಂಡವನು ಹೊರಗೆ ಬಂದು ತನ್ನ ಕೈಬರಹ ನೋಡಿ ಬೆರಗಾಗುತ್ತಾನೆ. ಭಾರತೀಯ ವಾಯುಪಡೆಯ ಇಂತಹ ಸಂಸ್ಥೆ ನಮ್ಮ ಬೆಂಗಳೂರಿನಲ್ಲಿಯೇ ಇದೆ. 1957ರಲ್ಲಿ ಆರಂಭವಾದ ಅದು ಇಂದು ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಾಗಿ ಬೆಳೆದಿದೆ. ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ಚಾಲಕರ ದೇಹ ಮತ್ತು ಮನಸ್ಸಿನ ಪರೀಕ್ಷೆ ನಡೆದದ್ದು ಅಲ್ಲಿಯೇ. ಸಿಯಾಚಿನ್, ಲಡಾಖ್ ಕಡೆಗೆ ಹೋಗುವ ನಮ್ಮ ಸೈನಿಕರನ್ನೂ ನೇರವಾಗಿ ಮೇಲಕ್ಕೆ ಕಳಿಸುವುದಿಲ್ಲ. ಮೊದಲ ಹಂತದಲ್ಲಿ 6 ದಿನ, ಮುಂದಿನ ಎರಡು ಹಂತಗಳಲ್ಲಿ ನಾಲ್ಕು ನಾಲ್ಕು ದಿನ ತಂಗಿಸಿ ಎತ್ತರಕ್ಕೆ ಒಗ್ಗಿಸುತ್ತಾರೆ.

ಹಾಗಾದರೆ ಬುದ್ಧಿಯನ್ನು ಅಳೆಯುವುದು ಹೇಗೆ? ತಕ್ಕಡಿಯಲ್ಲಿ ತೂಗಲಾಗದು. ಅದು ಮಾಡುವ ಕೆಲಸವನ್ನು ಮಾತ್ರ ಅಳೆಯಬಹುದು. ಇದಕ್ಕಾಗಿ ರೂಪಿಸಿದ ಮೂರು ಪರೀಕ್ಷೆಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಗಡಿಯಾರದ ಪರೀಕ್ಷೆ. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಮುಂದೆ ಕುಳಿತು ಶತ್ರುಗಳ ಸಬ್‌ಮರೀನ್ ಹುಡುಕುವವರು ಸ್ವಲ್ಪ ಹೊತ್ತಿನ ನಂತರ ಕಣ್ಣೆದುರಿನ ಗುರುತನ್ನೇ ಕಾಣದೆ ಹೋಗುತ್ತಿದ್ದರು. ಕೇಂಬ್ರಿಜ್‌ನ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿಸಿದರು. ಅದರ ಮುಳ್ಳು ಸೆಕೆಂಡಿಗೊಮ್ಮೆ ಒಂದೇ ಅಳತೆಯಲ್ಲಿ ಜಿಗಿಯುತ್ತದೆ, ಅಪರೂಪಕ್ಕೊಮ್ಮೆ ಎರಡು ಪಟ್ಟು ಜಿಗಿಯುತ್ತದೆ. ಆಗ ಗುಂಡಿ ಒತ್ತಬೇಕು. ಹೀಗೆ ಎರಡು ಗಂಟೆ. ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆಯೇ ಗಮನ ಕುಸಿಯುತ್ತದೆ ಎಂದು 1948ರಲ್ಲಿ ಅವರು ಪ್ರಕಟಿಸಿದರು. ನಲವತ್ತು ನಿಮಿಷದ ಪಿರಿಯಡ್ ತೆಗೆದುಕೊಳ್ಳುವ ನಮಗೆ ಇದು ಆಶ್ಚರ್ಯವಲ್ಲ.

ಎರಡನೆಯದು ಪ್ರತಿಕ್ರಿಯೆಯ ವೇಗದ ಪರೀಕ್ಷೆ. ಡಿಂಗೆಸ್ ಮತ್ತು ಪೊವೆಲ್ ಎಂಬ ಅಮೆರಿಕದ ಸಂಶೋಧಕರು 1985ರಲ್ಲಿ ಇದನ್ನು ರೂಪಿಸಿದರು. ಎರಡರಿಂದ ಹತ್ತು ಸೆಕೆಂಡುಗಳ ನಡುವೆ ಯಾವಾಗಲಾದರೂ ಒಂದು ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಕಂಡ ಕೂಡಲೇ ಗುಂಡಿ ಒತ್ತಬೇಕು. ಅರ್ಧ ಸೆಕೆಂಡಿಗಿಂತ ತಡವಾದರೆ ಅದು 'ಗಮನ ತಪ್ಪಿದ' ಲೆಕ್ಕ. ಹತ್ತು ನಿಮಿಷದ ಈ ಆಟದಲ್ಲಿ ನಿದ್ರೆಗೆಟ್ಟವನು ಸಿಕ್ಕಿಬೀಳುತ್ತಾನೆ. ಇದರ ಕಿರಿದಾದ ರೂಪವನ್ನು ಬಾಹ್ಯಾಕಾಶ ನಿಲ್ದಾಣದಲ್ಲಿಯೂ ಬಳಸಿದ್ದಾರೆ.

ಮೂರನೆಯದು 1935ರಲ್ಲಿ ಸ್ಟ್ರೂಪ್ ಎಂಬವರು ಪ್ರಕಟಿಸಿದ ಬಣ್ಣದ ಪರೀಕ್ಷೆ. 'ಕೆಂಪು' ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಯಾವುದೆಂದು ಕೇಳುತ್ತಾರೆ. ಬಾಯಿಗೆ 'ಕೆಂಪು' ಬರುತ್ತದೆ, ಅದನ್ನು ತಡೆದು 'ಹಸಿರು' ಎನ್ನಬೇಕು. ಹೀಗೆ ತಡೆಯುವ ಶಕ್ತಿ ದಣಿದ ಮೆದುಳಿನಲ್ಲಿ ನಿಧಾನವಾಗುತ್ತದೆ. ಇದನ್ನು ನಮ್ಮ ಉರ್ದು ಮಾಧ್ಯಮದ ಕೆಳ ತರಗತಿಯಲ್ಲಿ ಕನ್ನಡ ಅಕ್ಷರಗಳಿಂದ ಮಾಡಿ ನೋಡಿ. ಕನ್ನಡ ಓದಲು ಇನ್ನೂ ತಡವರಿಸುವ ಮಗುವಿಗೆ ಆ ಪದ ಅಡ್ಡ ಬರುವುದೇ ಇಲ್ಲ. ಅದು ಬಣ್ಣವನ್ನು ಥಟ್ಟನೆ ಹೇಳಿಬಿಡುತ್ತದೆ. ಅದೇ ಮಗುವಿಗೆ 'ಸುರ್ಖ್', 'ಸಬ್ಝ್' ಎಂದು ಉರ್ದುವಿನಲ್ಲಿ ಬರೆದು ತೋರಿಸಿದರೆ ತಡವರಿಸುತ್ತದೆ. ಹಾಗಾದರೆ ಕನ್ನಡದ ಹಾಳೆ ಅಳೆದದ್ದು ಆ ಮಗುವಿನ ಬುದ್ಧಿಯನ್ನಲ್ಲ, ಅದರ ಓದಿನ ರೂಢಿಯನ್ನು. ಪರೀಕ್ಷೆಯ ಭಾಷೆ ಮಗುವಿಗೆ ಎಷ್ಟು ರೂಢಿಯಾಗಿದೆ ಎಂದು ತಿಳಿಯದೆ ಅದರ ಬುದ್ಧಿಯ ಬಗ್ಗೆ ತೀರ್ಪು ಕೊಡಬಾರದು.

ಪರೀಕ್ಷೆ ತಯಾರಾದರೆ ಸಾಲದು, ಅದನ್ನು ಬಳಸುವಾಗಲೂ ಎಚ್ಚರ ಬೇಕು. ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಕೊಟ್ಟರೆ ಅಭ್ಯಾಸದಿಂದಲೇ ಅಂಕ ಏರುತ್ತದೆ. ಪರ್ವತದ ಕೆಳಗೆ ಒಮ್ಮೆ, ಮೇಲೆ ಒಮ್ಮೆ ಪರೀಕ್ಷಿಸಿ ಅಂಕ ಸಮವಾಗಿದೆ ಎಂದರೆ ಎತ್ತರದಿಂದ ನಷ್ಟವಾಗಿಲ್ಲ ಎಂದರ್ಥವಲ್ಲ. ಅಭ್ಯಾಸದ ಲಾಭವನ್ನು ಎತ್ತರ ನುಂಗಿರಬಹುದು. ಆದ್ದರಿಂದ ಮೊದಲೇ ಸಾಕಷ್ಟು ಅಭ್ಯಾಸ ಮಾಡಿಸಬೇಕು, ಕೆಳಗೇ ಉಳಿದ ಇನ್ನೊಂದು ಗುಂಪನ್ನೂ ಪರೀಕ್ಷಿಸಿ ಹೋಲಿಸಬೇಕು. ಅಲ್ಲದೆ ವೇಗ ಮತ್ತು ನಿಖರತೆ ಎರಡನ್ನೂ ನೋಡಬೇಕು. ಕೆಲವರು ತಪ್ಪು ಮಾಡಬಾರದೆಂದು ನಿಧಾನವಾಗುತ್ತಾರೆ, ಕೆಲವರು ಬೇಗ ಮುಗಿಸಲು ಹೋಗಿ ತಪ್ಪು ಮಾಡುತ್ತಾರೆ.

ಹೋಲಿಕೆಗೆ ಒಳ್ಳೆಯ ಉದಾಹರಣೆ ಅಮೆರಿಕದ ಅವಳಿ ಸಹೋದರರು. ಸ್ಕಾಟ್ ಕೆಲ್ಲಿ 2015-16ರಲ್ಲಿ 340 ದಿನ ಬಾಹ್ಯಾಕಾಶದಲ್ಲಿದ್ದರು, ಅವರ ಅವಳಿ ಮಾರ್ಕ್ ಭೂಮಿಯಲ್ಲಿದ್ದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸ್ಕಾಟ್ ಅವರ ವೇಗ ಮತ್ತು ನಿಖರತೆ ಹೆಚ್ಚಾಗಿ ಕುಸಿದದ್ದು ಬಾಹ್ಯಾಕಾಶದಲ್ಲಿದ್ದಾಗ ಅಲ್ಲ, ಭೂಮಿಗೆ ಮರಳಿದ ಮೇಲೆ. ಆ ಕುಸಿತ ಆರು ತಿಂಗಳವರೆಗೂ ಕಂಡುಬಂದಿತು. ಆದರೆ ಒಬ್ಬನೇ ವ್ಯಕ್ತಿಯಿಂದ ಎಲ್ಲರ ಬಗ್ಗೆ ತೀರ್ಮಾನಿಸಲಾಗದು ಎಂದು ಸಂಶೋಧಕರೇ ಎಚ್ಚರಿಸಿದ್ದಾರೆ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ, ಭಾರಹೀನ ಸ್ಥಿತಿಯಲ್ಲಿ ಮನುಷ್ಯ ಕಂಪ್ಯೂಟರ್ ಪರದೆಯನ್ನು ಹೇಗೆ ಬಳಸುತ್ತಾನೆ ಎಂಬ ಪ್ರಯೋಗವೂ ಅವರ ಪಟ್ಟಿಯಲ್ಲಿತ್ತು. ಅದನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ.

ಈಗ ಬಿಸಿಲಿಗೆ ಬರೋಣ. ನಮ್ಮಲ್ಲಿ ಹಿಮಾಲಯ ಏರುವವರು ಕೆಲವರು, ಬಾಹ್ಯಾಕಾಶಕ್ಕೆ ಹೋಗುವವರು ಇನ್ನೂ ಕೆಲವರು. ಆದರೆ ರಾಯಚೂರು, ಕಲಬುರಗಿ, ವಿಜಯಪುರ, ಬಳ್ಳಾರಿಗಳ ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಪರೀಕ್ಷೆ ಬರೆಯುವ ಮಕ್ಕಳು ಲಕ್ಷಗಟ್ಟಲೆ. ನಮ್ಮ ಪಾಲಿನ ಕಠಿಣ ಪರಿಸರ ತಗಡಿನ ಚಾವಣಿಯ ತರಗತಿ ಕೋಣೆ.

ಅದೇ ಮ್ಯಾಕ್‌ವರ್ತ್ ಯುದ್ಧಕಾಲದಲ್ಲಿ ತಂತಿ ಸಂದೇಶ ಬರೆದುಕೊಳ್ಳುವವರನ್ನು ಬಿಸಿ ಕೋಣೆಯಲ್ಲಿ ಕೂರಿಸಿ ಅವರ ತಪ್ಪುಗಳನ್ನು ಎಣಿಸಿದ್ದರು. ಒಂದು ಮಟ್ಟದವರೆಗೆ ಬಿಸಿ ಹೆಚ್ಚಿದರೂ ತಪ್ಪು ಅಷ್ಟಾಗಿ ಹೆಚ್ಚಲಿಲ್ಲ. ಆ ಮಟ್ಟ ದಾಟಿದ ಮೇಲೆ ಒಮ್ಮೆಲೇ ಏರಿತು. ಇನ್ನೊಂದು ವಿಷಯವನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. ಬಹಳ ನುರಿತವರಿಗೆ ಬಿಸಿಯಿಂದ ಆದ ನಷ್ಟ ಕಡಿಮೆ, ಸಾಧಾರಣ ಕೌಶಲದವರಿಗೆ ಆದ ನಷ್ಟ ಬಹಳ ಹೆಚ್ಚು. ಅಂದರೆ ಬಿಸಿಲು ಎಲ್ಲರಿಂದ ಸಮನಾಗಿ ತೆರಿಗೆ ವಸೂಲಿ ಮಾಡುವುದಿಲ್ಲ. ಮೊದಲೇ ಹಿಂದುಳಿದವನ ಜೇಬಿನಿಂದ ಹೆಚ್ಚು ಕಸಿಯುತ್ತದೆ.

2016ರ ಜುಲೈನಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಸೆಕೆ ಏರಿದಾಗ 44 ಕಾಲೇಜು ವಿದ್ಯಾರ್ಥಿಗಳನ್ನು 12 ದಿನ ಪರೀಕ್ಷಿಸಲಾಯಿತು. ಕೆಲವರು ಎ.ಸಿ. ಇದ್ದ ಹಾಸ್ಟೆಲಿನಲ್ಲಿ, ಕೆಲವರು ಎ.ಸಿ. ಇಲ್ಲದ ಹಾಸ್ಟೆಲಿನಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಪರೀಕ್ಷೆ. ಸೆಕೆಯಲ್ಲಿ ಮಲಗಿದವರು ಬಣ್ಣದ ಪರೀಕ್ಷೆಯಲ್ಲಿ ಸುಮಾರು ಶೇಕಡ 13 ನಿಧಾನವಾಗಿದ್ದರು. ಕೂಡುವ, ಕಳೆಯುವ ಲೆಕ್ಕದಲ್ಲಿಯೂ ಸುಮಾರು ಅಷ್ಟೇ ಹಿಂದಿದ್ದರು. ಇವರೆಲ್ಲ ಆರೋಗ್ಯವಂತ ಯುವಕ ಯುವತಿಯರು.

ನಮ್ಮ ಮಕ್ಕಳಿಗೆ ಬಿಸಿಲು ರೂಢಿಯಾಗಿದೆ ಎಂದು ತಾವು ಹೇಳಬಹುದು. ರೂಢಿಯಿಂದ ದೇಹಕ್ಕೆ ಸಹಾಯವಾಗುವುದು ನಿಜ. ಆದರೆ ಭಾರತದ ಗ್ರಾಮೀಣ ಮಕ್ಕಳ ಓದು ಮತ್ತು ಲೆಕ್ಕದ ಅಂಕಗಳನ್ನು ಹವಾಮಾನದ ದಾಖಲೆಗಳೊಂದಿಗೆ ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ದಿನದ ಸರಾಸರಿ ಉಷ್ಣಾಂಶ 29 ಡಿಗ್ರಿ ದಾಟಿದ ದಿನಗಳು ಹೆಚ್ಚಾದ ವರ್ಷದ ನಂತರ ಮಕ್ಕಳ ಓದು, ಲೆಕ್ಕ ಎರಡರ ಅಂಕಗಳೂ ಇಳಿದದ್ದು ಅದರಲ್ಲಿ ಕಂಡುಬಂದಿತು. ಬಿಸಿಲಿಗೆ ಬೆಳೆ ಹಾಳಾಗಿ ಮನೆಯ ಆದಾಯ ಕುಸಿಯುವುದು ಇದಕ್ಕೆ ಮುಖ್ಯ ಕಾರಣವೆಂದು ಅವರು ತೋರಿಸಿದ್ದಾರೆ. ಉದ್ಯೋಗ ಖಾತ್ರಿ ಯೋಜನೆ ಬಂದ ಕಡೆಗಳಲ್ಲಿ ನಷ್ಟ ಕಡಿಮೆಯಾಗಿತ್ತು. ಬಿಸಿಲು ಮಗುವಿನ ತಲೆಗೆ ನೇರವಾಗಿ ಮಾತ್ರವಲ್ಲ, ಅನ್ನದ ತಟ್ಟೆಯ ಮೂಲಕವೂ ತಲುಪುತ್ತದೆ.

ಬಿಸಿಲನ್ನು ಅಳೆಯುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಬೆವರು ಆರಿದರೆ ಮಾತ್ರ ದೇಹ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ. ಆದ್ದರಿಂದ ಮಂಗಳೂರಿನ 35 ಡಿಗ್ರಿಯೂ ರಾಯಚೂರಿನ 35 ಡಿಗ್ರಿಯೂ ಒಂದೇ ಅಲ್ಲ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ಬರುವ ಉಷ್ಣಾಂಶ, ದೇಹ ಎಷ್ಟರ ಮಟ್ಟಿಗೆ ತಣ್ಣಗಾಗಬಲ್ಲದು ಎಂಬುದನ್ನು ತಿಳಿಸುತ್ತದೆ. ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಪ್ರಯೋಗವಿದು.

ಬಿಸಿಲಿನ ಈ ಮಾತು ಹಜ್ ಯಾತ್ರಿಕರಿಗೂ ಸೇರಿದ್ದು. 2024ರ ಜೂನ್‌ನಲ್ಲಿ ಮಕ್ಕಾದಲ್ಲಿ ಉಷ್ಣಾಂಶ 50 ಡಿಗ್ರಿ ದಾಟಿತು. ಆ ವರ್ಷದ ಹಜ್‌ನಲ್ಲಿ 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರ ಪ್ರಕಟಿಸಿತು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ. ಬಿಸಿಲಿನ ಆಘಾತವಾದಾಗ ದೇಹದ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಬುದ್ಧಿ ಗಲಿಬಿಲಿಗೊಳ್ಳುತ್ತದೆ. ತಾನು ಸರಿಯಾಗಿದ್ದೇನೆ ಎಂದೇ ಆ ವ್ಯಕ್ತಿ ಹೇಳಬಹುದು, ಹಾಲ್ಡೇನರ 320ರಂತೆ. ಆದ್ದರಿಂದ ವೃದ್ಧರನ್ನು ಕರೆದುಕೊಂಡು ಹೋಗುವವರು ಆಗಾಗ ಸರಳ ಪ್ರಶ್ನೆ ಕೇಳುತ್ತಿರಬೇಕು. ಇಂದು ಯಾವ ದಿನ? ನಮ್ಮ ಡೇರೆ ಎಲ್ಲಿದೆ? ಉತ್ತರ ತಪ್ಪಿದರೆ ಅದು ವಯಸ್ಸಿನ ಮರೆವು ಎಂದು ಸುಮ್ಮನಾಗಬಾರದು. ಕೂಡಲೇ ನೆರಳಿಗೆ ಕರೆದೊಯ್ದು, ಮೈಗೆ ನೀರು ಹಾಕಿ ಗಾಳಿ ಬೀಸಿ, ವೈದ್ಯರನ್ನು ಕರೆಸಬೇಕು.

ನಿದ್ರೆಯ ವಿಷಯ ಹೇಳದೆ ಮುಗಿಸಲಾರೆ. 2003ರಲ್ಲಿ ಅಮೆರಿಕದ ಸಂಶೋಧಕರು 48 ಮಂದಿಯ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಎರಡು ವಾರ ಪ್ರತಿ ರಾತ್ರಿ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನ ದಿನದಿಂದ ದಿನಕ್ಕೆ ಕುಸಿಯಿತು. ಕೊನೆಯಲ್ಲಿ ಅದು ಎರಡು ರಾತ್ರಿ ಪೂರ್ತಿ ನಿದ್ರೆಗೆಟ್ಟವರ ಮಟ್ಟಕ್ಕೆ ಇಳಿಯಿತು. ಆದರೆ ತಮಗೆ ಅಷ್ಟೇನೂ ನಿದ್ರೆ ಬರುತ್ತಿಲ್ಲ ಎಂದು ಅವರು ಹೇಳುತ್ತಿದ್ದರು. ಇಲ್ಲಿಯೂ ಅದೇ ಪಾಠ. 2024 ಮತ್ತು 2025ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ರಮಝಾನ್ ತಿಂಗಳಲ್ಲಿಯೇ ಆರಂಭವಾಯಿತು. ಉಪವಾಸದ ಮಸ್‌ಅಲಾಗಳನ್ನು ಉಲಮಾಗಳೇ ಹೇಳಬೇಕು. ಶಿಕ್ಷಕವರ್ಗದ ಪರವಾಗಿ ಪೋಷಕರಲ್ಲಿ ನನ್ನ ವಿನಂತಿ ನಿದ್ರೆಯ ಬಗ್ಗೆ ಮಾತ್ರ. ತರಾವೀಹ್ ಮುಗಿದ ಮೇಲೆ ಬಜಾರಿನಲ್ಲಿ, ಮೊಬೈಲಿನಲ್ಲಿ ಕಳೆಯುವ ರಾತ್ರಿ ಇಬಾದತ್ ಅಲ್ಲ, ಓದೂ ಅಲ್ಲ. ಮಕ್ಕಳು ಬೇಗ ಮಲಗಲಿ, ಸಹ್ರಿಗೆ ಎದ್ದವರು ಫಜ್ರ್ ನಂತರ ಓದಲಿ.

ಮಾನ್ಯರೇ, ಇವೆಲ್ಲದರಿಂದ ನಾವು ಮಾಡಬಹುದಾದದ್ದೇನು? ಶಾಲೆಗೊಂದು ಥರ್ಮಾಮೀಟರ್ ಇಡೋಣ. ಪರೀಕ್ಷೆಯ ದಿನ ಅಂಕಪಟ್ಟಿಯ ಪಕ್ಕದಲ್ಲಿ ಕೋಣೆಯ ಉಷ್ಣಾಂಶವನ್ನೂ ಬರೆದಿಡೋಣ. ಬೇಸಿಗೆಯಲ್ಲಿ ಗಣಿತವನ್ನು, ವ್ಯಾಕರಣವನ್ನು ಮೊದಲ ಪಿರಿಯಡ್‌ಗೆ ತರೋಣ. ಉಪವಾಸವಿಲ್ಲದ ಮಕ್ಕಳಿಗೆ ನೀರು ಕುಡಿಯಲು ಪ್ರತ್ಯೇಕ ವಿರಾಮ ಕೊಡೋಣ. ಒಂದೇ ಪರೀಕ್ಷೆಯ ಅಂಕ ನೋಡಿ ಯಾವ ಮಗುವಿಗೂ 'ದಡ್ಡ' ಎಂಬ ಹೆಸರಿಡದಿರೋಣ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಅರಿಕೆ. ಪ್ರತಿ ವರ್ಷ ಹೆಚ್ಚು ಅಂಕ ಪಡೆದವರಿಗೆ ತಾವು ಪ್ರತಿಭಾ ಪುರಸ್ಕಾರ ನೀಡುತ್ತೀರಿ. ಅದು ಮುಂದುವರಿಯಲಿ. ಅದರ ಜೊತೆಗೆ ಈ ವರ್ಷ ಒಂದಿಷ್ಟು ಹಣವನ್ನು ತಗಡಿನ ಚಾವಣಿಗೆ ಬಿಳಿ ಸುಣ್ಣ ಬಳಿಸಲು, ಕೆಟ್ಟ ಫ್ಯಾನುಗಳನ್ನು ಸರಿಪಡಿಸಲು, ಕಿಟಕಿಗಳ ಹೊರಗೆ ಬೇವಿನ ಗಿಡ ನೆಡಿಸಲು ತೆಗೆದಿಡಿ. ಪುರಸ್ಕಾರ ಮುಂದಿನ ಸಾಲಿನ ಹತ್ತು ಮಕ್ಕಳಿಗೆ ತಲುಪುತ್ತದೆ. ತಂಪಾದ ಚಾವಣಿ ಕೊನೆಯ ಬೆಂಚಿನ ಮಗುವಿಗೂ ತಲುಪುತ್ತದೆ. ಬಿಸಿಲು ಹೆಚ್ಚು ಕಸಿದುಕೊಳ್ಳುವುದು ಆ ಮಗುವಿನಿಂದಲೇ ಎಂಬುದನ್ನು ಮರೆಯದಿರೋಣ.

 ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನು ಕರುಣಿಸಲಿ, ಆಮೀನ್.

 ಜೈ ಹಿಂದ್, ಜೈ ಕರ್ನಾಟಕ.